ಸಹಿ ನಾನ್ ಹಾಕ್ತೀನಿ

ಕೈಕಾಲು ಸ್ವಾಧೀನವಿಲ್ಲದ ತಂಗಿಯ ಗಾಲಿಕುರ್ಚಿಯನ್ನು ಡಾಕ್ಟರ ಮುಂದೆ ನಿಲ್ಲಿಸಿದ ಅಣ್ಣ, ಬಾಗಿಲನ್ನೂ ಹಾಕದೆ, ಹೊರಗೆ ಕೂತವರಿಗೆಲ್ಲ ಕೇಳುವಂತೆ ಅವಳ ಮುಟ್ಟಿನ ವಿಷಯ ಶುರುಮಾಡಿದ.

“ತಿಂಗಳು ತಿಂಗಳೂ ನನ್ನ ಹೆಂಡ್ತಿ ಇದರ ಬಟ್ಟೆ ಒಗೆದು ಸಾಯ್ತಾಳೆ ಸಾರ್. ಗರ್ಭಕೋಶ ತೆಗೆದ್ಬಿಡಿ, ಕಾಟ ಮುಗೀಲಿ.”

“ನಿಮ್ಮ ತಂಗಿ ಒಪ್ಪಿದ್ದಾರಾ?”

“ಅದಕ್ಕೇನ್ ತಿಳಿಯುತ್ತೆ ಸಾರ್, ಪಾಪ! ಸಹಿ ನಾನ್ ಹಾಕ್ತೀನಿ.”

ಕುರ್ಚಿಯ ಹಿಂದೆ ನಿಂತಿದ್ದ ಅತ್ತಿಗೆ ತಲೆ ತಗ್ಗಿಸಿದಳು. ಡಾಕ್ಟರು ಪೆನ್ನು ಎತ್ತಿಕೊಂಡರು. ಇಷ್ಟು ಹೊತ್ತೂ ಯಾರೊಬ್ಬರೂ ತನ್ನ ಮುಖ ನೋಡದಿದ್ದುದಕ್ಕೆ ತಂಗಿಗೆ ಮೈಯೆಲ್ಲ ಉರಿದುಹೋಯಿತು. ತೊದಲುವ ನಾಲಿಗೆಯಲ್ಲೇ ಅವಳು ದನಿಯೆತ್ತಿದಳು:

“ನಂಗೆ ಒಪ್ಪಿಗೆ ಇಲ್ಲ ಡಾಕ್ಟ್ರೇ. ಕುಡ್ಕೊಂಡು ಬಂದು ಇವನು ಹೊಲಸು ಮಾಡ್ಕೊಂಡ ಬಟ್ಟೇನೂ ಅತ್ತಿಗೇನೇ ಒಗೆಯೋದು. ಇವನದ್ದೇನ್ ತೆಗೀತೀರಿ?”