ಸಿಂಕಿನ ಕೆಳಗೆ

"ಒಂದು ಸಲ ಸಹಿ ಬಿತ್ತು ಅಂದ್ರೆ ಆಮೇಲೆ ತಕರಾರು ಹೇಳೋ ಹಾಗಿಲ್ಲ. ಬಡಿದು, ತಿರುಗಿಸಿ, ಎಳೆದು ಎಲ್ಲಾ ಈಗಲೇ ನೋಡ್ಕೊಂಡುಬಿಡಿ," ಎನ್ನುತ್ತಾ ಬಿಲ್ಡರ್ ಕಡೆಯ ಇಂಜಿನಿಯರಮ್ಮ ರಟ್ಟಿಗೆ ಸಿಕ್ಕಿಸಿದ ಫಾರಂ ಹಿಡಿದು ಹೊಸ ಮನೆಯ ಬಾಗಿಲು ತೆರೆದಳು. ಕೊಂಡವಳು ನರ್ಸು, ಹನ್ನೊಂದು ವರ್ಷ ಹಗಲು ರಾತ್ರಿ ಪಾಳಿ ಮಾಡಿ ಕೊಂಡ ಮನೆ. ಬೆಂಬಲಕ್ಕೆ ಅಪ್ಪನನ್ನು ಕರೆತಂದಿದ್ದಳು. ಜೀವಮಾನವಿಡೀ ಕಂಡವರ ಮನೆಗಳಿಗೆ ಟೈಲ್ಸ್ ಹಾಕಿ, ಮೂರು ವರ್ಷದ ಹಿಂದೆ ಕರಣೆ ಕೆಳಗಿಟ್ಟವನು. ಅವನಿಗಿಂತ ಒಳ್ಳೆಯ ಪರೀಕ್ಷಕ ಎಲ್ಲಿ ಸಿಗಬೇಕು?

ಅಪ್ಪನಿಗೂ ಹುರುಪು ಬಂದಿತ್ತು. ಇಷ್ಟು ವರ್ಷ ಬೇರೆಯವರು ತಪ್ಪು ಹುಡುಕುವಾಗ ಕೈಕಟ್ಟಿ ಮೂಲೆಯಲ್ಲಿ ನಿಂತವನಿಗೆ ಇವತ್ತು ತಾನೇ ಹುಡುಕುವ ಯೋಗ. ಬಾಗಿಲನ್ನು ಮೂರು ಸಲ ಹಾಕಿ ತೆಗೆದ. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು, ಅದು ಜಾಲರಿಯ ಕಡೆಗೆ ಓಡುತ್ತದೋ ಇಲ್ಲವೋ ಎಂದು ಕುಕ್ಕರಗಾಲಲ್ಲಿ ಕೂತು ಕಾದ. ಮಗಳು ಫೋನಿನ ಚಾರ್ಜರ್ ಹಿಡಿದು ಒಂದೊಂದು ಪ್ಲಗ್ಗಿಗೂ ಚುಚ್ಚುತ್ತಾ ಬಂದಳು. ಇಂಜಿನಿಯರಮ್ಮ ಮನೆಯನ್ನು ಹೊಗಳಿದ್ದೇ ಹೊಗಳಿದ್ದು.

"ಹೆತ್ತವರಿಗೆ ಹೆಗ್ಗಣ ಮುದ್ದು," ಅಪ್ಪ ಮಗಳ ಕಿವಿಯಲ್ಲಿ ಪಿಸುಗುಟ್ಟಿದ. "ಮಲಗೋ ಕೋಣೆ ಕಿಟಕಿ ಚಿಲಕ ಸರಿಯಾಗಿ ಕೂತ್ಕೊಳ್ತಿಲ್ಲ, ಬರೆಸು." ಅವಳು ನಗು ತಡೆದುಕೊಂಡು ಬರೆಸಿದಳು.

ಅಡುಗೆಮನೆಯಲ್ಲಿ ಅಪ್ಪ ಮಂಡಿಯೂರಿ, ಜೇಬಿನಿಂದ ಒಂದು ನಾಣ್ಯ ತೆಗೆದು ನೆಲದ ಟೈಲುಗಳನ್ನು ಒಂದೊಂದಾಗಿ ಬಡಿಯತೊಡಗಿದ. ಅಡಿಯಲ್ಲಿ ಸಿಮೆಂಟು ತುಂಬಿ ಕೂತಿದ್ದರೆ ಟಣ್ ಎನ್ನುತ್ತದೆ. ಟೊಳ್ಳು ಉಳಿದಿದ್ದರೆ ಡೊಪ್. ಟೊಳ್ಳಾದದ್ದು ಇವತ್ತಲ್ಲ ನಾಳೆ ಮೇಲೇಳುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ.

"ಚೆನ್ನಾಗಿ ನೋಡಿ ಯಜಮಾನ್ರೇ," ಇಂಜಿನಿಯರಮ್ಮ ಧೈರ್ಯ ಕೊಟ್ಟಳು. "ಇಲ್ಲಿ ಕೆಲಸ ಮಾಡಿದ ಮೇಸ್ತ್ರಿಗೆ ವಯಸ್ಸಾಯ್ತು. ಹೋದ ತಿಂಗಳು ಪಕ್ಕದ ಮನೆಯಿಂದಲೂ ದೂರು ಬಂದಿತ್ತು. ಒಂದೇ ಒಂದು ಟೈಲ್ ಟೊಳ್ಳು ಅಂತ ಬರೆದುಕೊಡಿ ಸಾಕು, ಇವತ್ತೇ ಅವನನ್ನ ಕೆಲಸದಿಂದ ಬಿಡಿಸಿ ಬೇರೆಯವರ ಕೈಲಿ ಹಾಕಿಸಿಕೊಡ್ತೀನಿ."

ಆ ಮೇಸ್ತ್ರಿ ದೂರವೇನೂ ಇರಲಿಲ್ಲ. ಅಡುಗೆಮನೆಗೆ ಅಂಟಿಕೊಂಡ ಬಾಲ್ಕನಿಯಲ್ಲಿ ಕೂತು ಟೈಲುಗಳ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಿದ್ದ. ನರೆತ ತಲೆ, ಮಂಡಿಗೆ ಕಟ್ಟಿಕೊಂಡ ಗೋಣಿಯ ತುಂಡು. ತಲೆ ಎತ್ತಿ ನೋಡಲಿಲ್ಲ. ತುಂಬುತ್ತಿದ್ದ ಕೈ ಮಾತ್ರ ನಿಂತಿತು.

ಸಿಂಕಿನ ಕೆಳಗೆ ಬಡಿದಾಗ ಡೊಪ್ ಎಂದಿತು. ಪಕ್ಕದ್ದೂ ಡೊಪ್. ಮೂರನೆಯದೂ. ಹೇಳಿಕೇಳಿ ನೀರು ಬೀಳುವ ಜಾಗ. ಅಪ್ಪನಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ಕಡೆ ಮಗಳ ಹನ್ನೊಂದು ವರ್ಷದ ದುಡಿಮೆ. ಇನ್ನೊಂದು ಕಡೆ ನಿಂತುಹೋದ ಆ ಕೈ.

"ಗಟ್ಟಿಯಾಗಿದೆ ಮೇಡಂ," ಎಂದುಬಿಟ್ಟ. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

ಮಗಳು ಪೈಪ್ ಸೋರುತ್ತಿದೆಯೇ ಎಂದು ಸಿಂಕಿನ ಕೆಳಗೆ ಬಗ್ಗಿದಳು. ಏಳುವ ಮುಂಚೆ ಬೆರಳ ಗೆಣ್ಣಿನಿಂದ ನೆಲವನ್ನು ಅಲ್ಲಲ್ಲಿ ತಟ್ಟಿದಳು. ಆಮೇಲೆ ಕೈ ಒರೆಸಿಕೊಂಡು, "ಕಿಟಕಿ ಚಿಲಕ ಒಂದೇ ಮೇಡಂ, ಅದನ್ನ ಸರಿಮಾಡಿಸಿಕೊಡಿ," ಎಂದು ಸಹಿ ಹಾಕಿದಳು. ಬೀಗದಕೈ ತರಲು ಅವಳೂ ಇಂಜಿನಿಯರಮ್ಮನೂ ಕೆಳಗಿನ ಆಫೀಸಿಗೆ ಹೋದರು.

"ಅಣ್ಣಾ," ಬಾಲ್ಕನಿಯಿಂದ ಮೇಸ್ತ್ರಿ ಮೆಲ್ಲಗೆ ಕರೆದ. "ನನಗೂ ಕೇಳಿಸ್ತು."

"ಕೇಳಿಸದೇ ಏನು? ಭಾನುವಾರ ಬಾ. ಇಬ್ಬರೂ ಸೇರಿ ಕಿತ್ತು ಮತ್ತೆ ಹಾಕೋಣ. ಸಿಮೆಂಟು ನಾನು ಕಲಸ್ತೀನಿ."

ಮೇಸ್ತ್ರಿ ಎರಡೂ ಕೈ ಜೋಡಿಸಿದ. ಅಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಸ್ವಂತ ಮಗಳಿಗೇ ಸುಳ್ಳು ಹೇಳಿದೆನಲ್ಲಾ ಎಂದುಕೊಂಡ. ಬೀಗದಕೈ ಗೊಂಚಲನ್ನು ಕುಣಿಸುತ್ತಾ ಮಗಳು ಮೇಲೆ ಹತ್ತಿ ಬಂದಾಗ ತಡೆದುಕೊಳ್ಳಲಾಗಲಿಲ್ಲ.

"ಪುಟ್ಟೀ, ನಿನಗೆ ಮೋಸ ಮಾಡಿಬಿಟ್ಟೆ ಕಣೇ. ಸಿಂಕಿನ ಕೆಳಗೆ ಮೂರು ಟೈಲು ಟೊಳ್ಳು."

"ಮೂರಲ್ಲ, ನಾಲ್ಕು. ನಿನಗೆ ಕಿವಿ ಮಂದ ಆಗಿದೆ."

ಅಪ್ಪ ಬಾಯಿಬಿಟ್ಟುಕೊಂಡು ನೋಡಿದ. "ನಿನಗೆ ಗೊತ್ತಾಯ್ತಾ?"

"ಸ್ಕೂಲಿಗೆ ರಜಾ ಬಂದಾಗಲೆಲ್ಲಾ ನಿನ್ನ ಹಿಂದೆ ಹಿಂದೆ ಬಡಿದುಕೊಂಡು ಬರ್ತಿದ್ದವಳು ಯಾರು?"

"ಗೊತ್ತಿದ್ದೂ ಸಹಿ ಹಾಕಿದ್ಯಾ?"

ಅವಳು ಅಪ್ಪನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಅವನ ಕೈಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಅಪ್ಪಾ, ಕೈ ನಡುಗೋಕೆ ಶುರುವಾದ ಮೇಲೂ ನೀನು ಎರಡು ವರ್ಷ ಕೆಲಸ ಬಿಡಲಿಲ್ಲ. ನಾನು ಎಷ್ಟು ಬೈದ್ರೂ ಕೇಳಲಿಲ್ಲ. ಆ ಎರಡು ವರ್ಷದಲ್ಲಿ ಯಾವ ಮನೆಯವರಾದ್ರೂ ನಿನ್ನ ಒಂದು ಟೈಲಿನ ಮೇಲೆ ದೂರು ಬರೆಸಿದ್ರಾ?"

"ಒಬ್ಬರೂ ಇಲ್ಲ!" ಎಂದು ಅಪ್ಪ ಎದೆಯುಬ್ಬಿಸಿ ಹೇಳಿದ. ಹೇಳಿದ ಮೇಲೆ ಮಗಳ ಮಡಿಲಲ್ಲಿದ್ದ ತನ್ನ ಕೈಯನ್ನು ನೋಡಿ, "ಹಾಗಾದ್ರೆ ಅವರಿಗೂ ಕೇಳಿಸಿತ್ತೇನೇ?" ಎಂದ.