ನಾಲ್ಕು ಸೆಕೆಂಡಿನ ಬಿಸಿಲು

ಕೊನೆಯ ಪಂದ್ಯ ಆಡಲು ಇಳಿದ ಹಿರಿಯ ಬ್ಯಾಟ್ಸ್‌ಮನ್ ಮೊದಲನೆಯ ಚೆಂಡಿಗೇ ಬೌಲ್ಡ್ ಆದ. ಕಚೇರಿಯ ಗೋಡೆಯ ಟೀವಿಯಲ್ಲಿ ಸ್ಟಂಪು ಉರುಳಿದ್ದೇ ತಡ, ಅಲ್ಲಿದ್ದವರೆಲ್ಲ ಟೀವಿ ಬಿಟ್ಟು ಮೂಲೆಯ ಮೇಜಿನ ಕಥೆಗಾರರನ್ನು ನೋಡಿದರು. ಹನ್ನೊಂದು ವರ್ಷ ಸಿನಿಮಾಗಳಿಗೆ ಚಿತ್ರಕಥೆ ಬರೆದು, ಸಾಕಾಗಿ, ಈ ಫ್ಯಾಂಟಸಿ ಕ್ರಿಕೆಟ್ ಆ್ಯಪಿನ ಕಂಪನಿಗೆ ವಿಶ್ಲೇಷಕರಾಗಿ ಸೇರಿದವರು ಅವರು. ಜನ ಮನೆಯಲ್ಲಿ ಕೂತೇ ಹನ್ನೊಂದು ಆಟಗಾರರ ತಂಡ ಕಟ್ಟುತ್ತಾರೆ. ಯಾರನ್ನು ನಾಯಕನೆಂದು ಆರಿಸುತ್ತಾರೋ ಅವನ ಅಂಕ ದುಪ್ಪಟ್ಟು. ಇವತ್ತು ಇವನು ಹೊಡೆದೇ ಹೊಡೆಯುತ್ತಾನೆಂದು ಬೆಳಗ್ಗೆ ಕಥೆಗಾರರು ಬರೆದದ್ದನ್ನು ನಂಬಿ ಎರಡು ಲಕ್ಷ ಜನ ಆ ಹಿರಿಯನನ್ನೇ ನಾಯಕನನ್ನಾಗಿ ಮಾಡಿಕೊಂಡಿದ್ದರು. ಸೊನ್ನೆಯ ದುಪ್ಪಟ್ಟು ಎಷ್ಟೆಂದು ಹೇಳಲು ವಿಶ್ಲೇಷಕರು ಬೇಕಿರಲಿಲ್ಲ.

"ಎಡಗೈ ಬೌಲರ್ ಅಂದ್ರೆ ಅವ್ರಿಗೆ ಆಗಲ್ಲ ಅಂತ ಬೆಳಗ್ಗೆನೇ ಹೇಳಿದ್ದೆ ಸರ್," ಎಂದಳು ಪಕ್ಕದ ಮೇಜಿನ ಹುಡುಗಿ. ಪ್ರತಿ ಚೆಂಡಿನ ಲೆಕ್ಕ ಇಡುವುದು ಅವಳ ಕೆಲಸ. ಆಫೀಸಿಗೆಲ್ಲ ಅವಳು ಅಂಕಿಯಮ್ಮ. "ಇದೇ ಬೌಲರ್‌ಗೆ ಹಿಂದೆ ಒಂಬತ್ತು ಸಲ ಆಡಿದಾರೆ. ಏಳು ಸಲ ಔಟು."

"ಕೊನೇ ಮ್ಯಾಚು ಕಣಮ್ಮ. ಮಗಳು ಮೊದಲನೇ ಸಲ ಅಪ್ಪನ ಆಟ ನೋಡೋಕೆ ಬಂದಿದಾಳೆ. ಇವತ್ತು ಹೊಡೀದೆ ಇನ್ಯಾವತ್ತು ಹೊಡೀತಾನೆ?"

"ಮಗಳು ಬಂದಿರೋದನ್ನ ಬೌಲರ್‌ಗೆ ಯಾರೂ ಹೇಳಿರ್ಲಿಲ್ಲ ಅನ್ಸುತ್ತೆ."

ಸಿನಿಮಾ ಬಿಟ್ಟ ದಿನ ಹೆಂಡತಿಯ ಮುಂದೆ ಕಥೆಗಾರರು ಕೊಚ್ಚಿಕೊಂಡದ್ದು ಕಡಿಮೆಯೇನಲ್ಲ. ಇನ್ನು ಕಟ್ಟುಕಥೆಯ ಗೊಡವೆ ಬೇಡ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಕ್ಲೈಮ್ಯಾಕ್ಸ್ ಬದಲಿಸಿ ಅಂತ ಪೀಡಿಸುವ ನಿರ್ಮಾಪಕನೇ ಅಲ್ಲಿಲ್ಲ ಎಂದಿದ್ದರು. "ಎಲ್ಲಾದ್ರೂ ಒಂದು ಕಡೆ ಕಾಲೂರಿ ಅಷ್ಟೇ," ಎಂದಿದ್ದಳು ಅವಳು. ಆರು ತಿಂಗಳ ಪರೀಕ್ಷಾ ಅವಧಿ ಬರುವ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಕೆಲಸ ಕಾಯಂ ಆಗದಿದ್ದರೆ ನಲವತ್ತಾರನೇ ವಯಸ್ಸಿನಲ್ಲಿ ಮತ್ತೆ ಅದೇ ನಿರ್ಮಾಪಕರ ಬಾಗಿಲಲ್ಲಿ ಫೈಲು ಹಿಡಿದು ನಿಲ್ಲಬೇಕು.

ಮುಖ್ಯಸ್ಥರು ಒಳಗೆ ಕರೆದರು. ಆ್ಯಪಿನಲ್ಲಿ ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು. "ಐದು ಗಂಟೆ ಒಳಗೆ ಒಂದು ವಿವರಣೆ ಹಾಕ್ಬೇಕು. ಜನಕ್ಕೆ ಸಮಾಧಾನ ಆಗೋ ಹಾಗಿರ್ಲಿ. ಶುಕ್ರವಾರದ ವಿಷಯ ನೆನಪಿದೆಯಲ್ಲ?"

ಕಥೆಗಾರರು ಬಂದು ಕೂತು ಮೂರೇ ಸಾಲು ಬರೆದರು. ತಪ್ಪು ನನ್ನದು. ಅಂಕಿಅಂಶಗಳು ಈ ಆಟಗಾರ ಬೇಡವೆಂದೇ ಹೇಳುತ್ತಿದ್ದವು. ನನಗೆ ಬೇಕಾದ ಮುಕ್ತಾಯವನ್ನು ನಾನು ಆ ಆಟಗಾರನ ತಲೆಗೆ ಕಟ್ಟಿದೆ. ಇಷ್ಟು ನೇರವಾದ ಬರವಣಿಗೆ ಅವರ ಕೈಯಿಂದ ಹನ್ನೊಂದು ವರ್ಷದಲ್ಲಿ ಬಂದಿರಲಿಲ್ಲ. ಕೆಲಸ ಹೋದರೂ ಹೋಗಲಿ ಎನ್ನುವಷ್ಟು ಎದೆ ಹಗುರಾಯಿತು.

ಮುಖ್ಯಸ್ಥರು ಓದಿ ಕನ್ನಡಕ ತೆಗೆದರು. "ಇದನ್ನ ಯಾರು ನಂಬ್ತಾರೆ?"

"ನಡೆದಿದ್ದೇ ಇದು ಸರ್."

"ನಡೆದಿರಬಹುದು. ಆದ್ರೆ ಇದು ವಿಶ್ಲೇಷಣೆ ಅನ್ಸಲ್ವಲ್ಲ. ಒಂದು ಗಟ್ಟಿ ಕಾರಣ ಬೇಕು. ಕೊನೇ ಭಾಗ ಸ್ವಲ್ಪ ಬದಲಾಯಿಸಿ."

ಈ ಮಾತನ್ನು ಮತ್ತೆಂದೂ ಕೇಳಬಾರದೆಂದೇ ಕಥೆಗಾರರು ಸಿನಿಮಾ ಬಿಟ್ಟಿದ್ದರು. ಆದರೆ ಕೈಗೆ ಮಾತ್ರ ಹಳೆಯ ಯಜಮಾನನ ದನಿ ಕೇಳಿದಂತಾಯಿತೇನೋ, ಅದು ತನ್ನ ಪಾಡಿಗೆ ಟೈಪು ಮಾಡತೊಡಗಿತು. ಬೌಲರ್ ಚೆಂಡೆಸೆದ ಹೊತ್ತಿಗೆ ಮೋಡ ಸರಿದದ್ದು ಬರೀ ನಾಲ್ಕು ಸೆಕೆಂಡು. ಕ್ರೀಡಾಂಗಣದ ಛಾವಣಿಯ ನೆರಳು ಪಿಚ್ಚಿನ ನಡುವೆ ಬಿತ್ತು. ಚೆಂಡು ಬಿಸಿಲಿನಲ್ಲಿ ಹೊರಟು ನೆರಳಿಗೆ ಬಂತು. ಬ್ಯಾಟ್ಸ್‌ಮನ್ನಿನ ಕಣ್ಣು ಒಗ್ಗುವ ಮೊದಲೇ ಎಲ್ಲ ಮುಗಿದಿತ್ತು. ನಾಲ್ಕು ಸೆಕೆಂಡು ಎಂದದ್ದು ಕಸುಬಿನ ಜಾಣತನ. ಹತ್ತು ಎಂದಿದ್ದರೆ ಯಾರಾದರೂ ಹೌದೇ ಎಂದು ಕೇಳುತ್ತಿದ್ದರು.

ಒಂದು ಗಂಟೆಯಲ್ಲಿ ಬೈಗುಳ ನಿಂತಿತು. "ನನಗೂ ಆಗಲೇ ಅನುಮಾನ ಬಂದಿತ್ತು" ಎಂದು ನೂರಾರು ಜನ ಬರೆದರು. ಮನೆಯ ಕಿಟಕಿಯಿಂದ ಆ ನೆರಳನ್ನು ಕಂಡೆ ಎಂದವನೂ ಒಬ್ಬನಿದ್ದ. ಅವನ ಮನೆ ಕ್ರೀಡಾಂಗಣಕ್ಕೆ ಎಷ್ಟು ದೂರವೋ ದೇವರಿಗೇ ಗೊತ್ತು. ಪಂದ್ಯ ಮುಗಿದ ಮೇಲೆ ಟೀವಿಯವರು ಹಿರಿಯ ಬ್ಯಾಟ್ಸ್‌ಮನ್ನನ್ನೇ ನಿಲ್ಲಿಸಿ, ಆ ನೆರಳಿನ ಸಂಗತಿ ನಿಜವೇ ಎಂದು ಕೇಳಿದರು. ಅವನು ಪಕ್ಕದಲ್ಲಿದ್ದ ಮಗಳ ಮುಖ ನೋಡಿದ.

"ಹೌದು," ಎಂದ. "ಒಂದು ಕ್ಷಣ ಏನೂ ಕಾಣಿಸ್ಲಿಲ್ಲ. ಯಾರೋ ಒಬ್ರಾದ್ರೂ ಗಮನಿಸಿದ್ರಲ್ಲ, ಸಾಕು."

ಮುಖ್ಯಸ್ಥರು ಶುಕ್ರವಾರದ ತನಕ ಕಾಯಲಿಲ್ಲ. ಕೆಲಸ ಕಾಯಂ ಮಾಡಿದ ಪತ್ರವನ್ನು ತಾವೇ ತಂದು ಕಥೆಗಾರರ ಕೈಗಿಟ್ಟು, ಬೆನ್ನು ತಟ್ಟಿ, ಅಂಕಿಯಮ್ಮನ ಕಡೆ ತಿರುಗಿದರು. "ನೋಡಮ್ಮ, ವಿಶ್ಲೇಷಣೆ ಅಂದ್ರೆ ಇದು. ಇನ್ಮೇಲೆ ಈ ನೆರಳನ್ನೂ ಲೆಕ್ಕಕ್ಕೆ ಸೇರಿಸು."

ಅವಳು ತಲೆಯಾಡಿಸಿ ತನ್ನ ಪಟ್ಟಿ ತೆರೆದಳು. ಕಥೆಗಾರರು ಪತ್ರವನ್ನು ಮಡಿಸುತ್ತ ಅವಳ ಪರದೆಯ ಮೇಲೆ ಕಣ್ಣಾಡಿಸಿದರು. ಇವತ್ತಿನ ಪಂದ್ಯದ ಸಾಲಿನಲ್ಲಿ, ಹವಾಮಾನದ ಕಾಲಮ್ಮಿನಲ್ಲಿ ಅವಳು ಬೆಳಗಿನಿಂದ ಚೆಂಡು ಚೆಂಡಿಗೂ ತುಂಬಿದ್ದದ್ದು ಒಂದೇ ಪದ: ಮೋಡ. ಅದರ ಪಕ್ಕದಲ್ಲೇ ಹೊಸದೊಂದು ಕಾಲಂ ಮಾಡಿ, ಮೇಲ್ಗಡೆ 'ನೆರಳು' ಎಂದು ಬರೆದು, ಕೆಳಗೆ 'ನಾಲ್ಕು ಸೆಕೆಂಡು' ಎಂದು ತುಂಬಿದಳು. ಆಮೇಲೆ ಬೆರಳನ್ನು ಕೀಲಿಮಣೆಯ ಮೇಲೆಯೇ ಇಟ್ಟುಕೊಂಡು, ನಗದೆ ಕೇಳಿದಳು.

"ಹಿಂದಿನ ಏಳು ಔಟಿಗೆ ಎಷ್ಟೆಷ್ಟು ಸೆಕೆಂಡು ಹಾಕ್ಲಿ ಸರ್?"