ಒಳಜೇಬು

“ಕುಣೀಬೇಡ ಕಣೇ, ಸದ್ದಾಗುತ್ತೆ.”

ಡಾಕ್ಟರ ಕೋಣೆಯ ಹೊರಗೆ, ಬೆಂಚಿನ ಮೇಲೆ, ತರಕಾರಿ ಅಂಗಡಿಯವಳು ಮಗಳ ತೊಡೆಯನ್ನು ಒತ್ತಿ ಹಿಡಿದಿದ್ದಳು. ಮಗಳ ಲಂಗದೊಳಗೆ ನಿನ್ನೆ ತಾನೇ ಹೊಲಿದ ಎರಡು ಒಳಜೇಬು. ಒಂದೊಂದರಲ್ಲೂ ಅಂಗಡಿಯ ಅರ್ಧ ಕಿಲೋದ ಕಬ್ಬಿಣದ ತೂಕದ ಕಲ್ಲು. ಒಂದರ ಜೊತೆಗೆ ಇನ್ನೂರು ಗ್ರಾಮಿನದು, ಚಿಂದಿಬಟ್ಟೆಯಲ್ಲಿ ಸುತ್ತಿ. ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರಿಗೂ ಒಂದು ಬೆಂಡೆಕಾಯಿಯಷ್ಟು ಕಡಿಮೆ ತೂಗಿದವಳಲ್ಲ ಅವಳು.

“ನಾನೆಲ್ಲಿ ಕುಣಿದೆ? ನಿನ್ನ ಕಾಲೇ ಅಲ್ಲಾಡ್ತಿರೋದು,” ಅಂದಳು ಒಂಬತ್ತು ವರ್ಷದ ಮಗಳು.

ನಿಜ. ಆರು ತಿಂಗಳ ಹಿಂದಾಗಿದ್ದರೆ ಇಷ್ಟೊತ್ತಿಗೆ ಬೆಂಚು ಹತ್ತಿಳಿದು, ಎದುರಿಗೆ ಕೂತ ಅಜ್ಜನ ಊರುಗೋಲು ಕಿತ್ತುಕೊಂಡು ಓಡಿರುತ್ತಿದ್ದಳು. ಗಮನ ನಿಲ್ಲಲೆಂದು ಡಾಕ್ಟರು ಮಾತ್ರೆ ಕೊಟ್ಟ ಮೇಲೆ ಮೊದಲ ಸಲ ಒಂದು ಪುಟ ಪೂರ್ತಿ ಬರೆದಳು. ಎರಡು ಶಾಲೆಯವರು ‘ನಮ್ಮ ಕೈಲಾಗದು’ ಅಂತ ಕಳಿಸಿದವಳಿಗೆ ಮೂರನೆಯದರಲ್ಲಿ ಒಬ್ಬ ಗೆಳತಿಯೂ ಸಿಕ್ಕಳು. ಊಟ ಮಾತ್ರ ಸೇರದಾಯಿತು. ಹೋದ ತಿಂಗಳು ಡಾಕ್ಟರು ಹೇಳಿದ್ದರು: “ತೂಕ ಇಳೀತಿದೆ. ಇನ್ನೂ ಇಳಿದ್ರೆ ಈ ಮಾತ್ರೆ ನಿಲ್ಲಿಸಬೇಕಾಗುತ್ತೆ. ಹೆದರಬೇಡಿ, ಬೇರೆ ದಾರಿ ಇದೆ.” ‘ನಿಲ್ಲಿಸಬೇಕಾಗುತ್ತೆ’ ಅನ್ನುವಲ್ಲಿಗೇ ತಾಯಿಯ ಕಿವಿ ಮುಚ್ಚಿಹೋಗಿತ್ತು. ಇವತ್ತು ಬೆಳಿಗ್ಗೆ ಮೂಟೆ ತೂಗುವ ತಕ್ಕಡಿಯಲ್ಲಿ ಮಗಳು ಇಪ್ಪತ್ತೇ ಕಿಲೋ ಬಂದಿದ್ದಳು. ಹೋದ ತಿಂಗಳಿಗಿಂತ ಒಂದು ಕಿಲೋ ಕಮ್ಮಿ.

“ಬಾರೇ ಪಟಾಕಿ,” ಅಂತ ಕರೆದರು ಡಾಕ್ಟರಮ್ಮ. “ಏನು, ಸದ್ದೇ ಇಲ್ಲ? ಒದ್ದೆಯಾಗ್ಬಿಟ್ಯಾ? ಸ್ವೆಟರ್ ತೆಗಿ, ಚಪ್ಪಲಿ ಬಿಡು, ಹತ್ತು ಮೇಲೆ.”

ಹುಡುಗಿ ಎರಡೂ ಕೈಯನ್ನು ಲಂಗಕ್ಕೆ ಒತ್ತಿಕೊಂಡು, ತುಂಬಿದ ಕೊಡ ಹೊತ್ತವಳ ಹಾಗೆ ನಿಧಾನವಾಗಿ ಹತ್ತಿ ನಿಂತಳು. ತೂಕದ ಯಂತ್ರದ ಮುಳ್ಳು ಓಲಾಡಿ ನಿಂತಿತು.

“ಭೇಷ್! ಇಳಿಯೋದಿರಲಿ, ಇನ್ನೂರು ಗ್ರಾಂ ಏರಿದಾಳೆ. ಏನಮ್ಮಾ, ಅಂಗಡಿ ತರಕಾರಿಯೆಲ್ಲ ಇವಳ ಹೊಟ್ಟೆಗೇನಾ? ಊಟ ಸೇರುತ್ತಾ?”

“ಹೂಂ, ಕೇಳಿ ಹಾಕಿಸ್ಕೊಳ್ತಾಳೆ.”

“ನಿದ್ದೆ?”

“ಎಬ್ಬಿಸೋದೇ ಕಷ್ಟ.”

ರಕ್ತದೊತ್ತಡದ ಪಟ್ಟಿ ಸುತ್ತುವಾಗ ಡಾಕ್ಟರ ಕೈ ಆ ಸಣ್ಣ ತೋಳಿನ ಮೇಲೆ ಒಂದು ಗಳಿಗೆ ನಿಂತಿತು. ಅವರು ತಿರುಗಿ ಚೀಟಿಯಲ್ಲಿ ಬರೆದ ತೂಕ ನೋಡಿದರು. ಅದನ್ನೇ ನಂಬಿದರು. ಆಮೇಲೆ ಶಾಲೆಯಿಂದ ಬಂದ ಕಾಗದ ಬಿಡಿಸಿದರು.

“ಮಧ್ಯಾಹ್ನದ ಮೇಲೆ ಗಮನ ತಪ್ಪುತ್ತೆ ಅಂತ ಟೀಚರ್ ಬರೆದಿದಾರೆ. ತೂಕ ಇಳಿದಿದ್ರೆ ನಾನು ಈ ಗೋಜಿಗೇ ಹೋಗ್ತಿರಲಿಲ್ಲ. ಇಳಿದಿಲ್ವಲ್ಲ, ಡೋಸ್ ಸ್ವಲ್ಪ ಏರಿಸಿ ನೋಡೋಣ.”

ತಾಯಿ ಕುರ್ಚಿಯ ಅಂಚಿಗೆ ಸರಿದಳು. “ಡಾಕ್ಟ್ರೇ...”

“ಹೇಳಮ್ಮ.”

ಮೇಜಿನ ಕೆಳಗೆ ಮಗಳು ಅವಳ ಕಾಲನ್ನು ಬಲವಾಗಿ ತುಳಿದಳು.

“ಏನಿಲ್ಲ. ತಿಂಡಿಗೆ ಮುಂಚೆನೋ, ಆಮೇಲೋ ಅಂತ.”

“ಆಮೇಲೆ. ಎಂದಿನ ಹಾಗೆ.”

ಮೆಟ್ಟಿಲ ತಿರುವಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ ತಾಯಿ ಕುಕ್ಕರಗಾಲಲ್ಲಿ ಕೂತು ಕಲ್ಲುಗಳನ್ನು ತೆಗೆದಳು. ಕಬ್ಬಿಣ ಮಗಳ ಮೈಯಷ್ಟೇ ಬೆಚ್ಚಗಿತ್ತು. ಭಾರ ಇಳಿದ ಲಂಗ ಸೊಂಟದಿಂದ ಜಾರಿತು. ಹುಡುಗಿ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳು ಮಡಿಸುತ್ತ, ಶಾಲೆಯಲ್ಲಿ ಈಗೀಗ ಮಾಡುವಂತೆ ಲೆಕ್ಕವನ್ನು ಕೊನೆಯವರೆಗೂ ಬಿಡದೆ ಮಾಡಿದಳು.

“ಎರಡು ಕಿಲೋದ ಕಲ್ಲು ಈ ಜೇಬಲ್ಲಿ ಹಿಡಿಯಲ್ಲಮ್ಮ,” ಅಂದಳು. “ಮುಂದಿನ ತಿಂಗಳಿಗೆ ದೊಡ್ಡದು ಹೊಲಿ.”